ಕುತ್ತಿಗೆ ದಾಟಿ ಇಳಿಯುವ ಅಪ್ಪಣೆ: ರೇಷ್ಮೆ ಚಿಟ್ಟೆ ಕಲಿಸಿದ ಹತ್ತು ಪಾಠಗಳು

ಲಾಲ್‌ಬಾಗ್, ಜಯನಗರ, ಬನಶಂಕರಿ, ಜೆ.ಪಿ. ನಗರ ದಾಟಿ ಕನಕಪುರ ರಸ್ತೆ ಹಿಡಿಯುವ ಹಸಿರು ಮೆಟ್ರೊದ ಕೊನೆಯ ನಿಲ್ದಾಣ ‘ರೇಷ್ಮೆ ಸಂಸ್ಥೆ’. ಬಿಟಿಎಂ ಲೇಔಟ್ ಅಂಚಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಆ ಹೆಸರು ಬಂದದ್ದು 1949ರಲ್ಲಿ ಶುರುವಾದ ಕೇಂದ್ರ ರೇಷ್ಮೆ ಮಂಡಳಿಯಿಂದ. ಯಡಿಯೂರಿನ ಮಗ್ಗುಲಲ್ಲಿ ಇಂದಿಗೂ ‘ಟಾಟಾ ಸಿಲ್ಕ್ ಫಾರ್ಮ್’ ಎನ್ನುವ ಬಡಾವಣೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಅಲ್ಲಿ ರೇಷ್ಮೆ ಬೇಸಾಯ ಮಾಡಿಸಿದರು. ದಕ್ಷಿಣ ಬೆಂಗಳೂರಿನವರ ಬಾಯಲ್ಲಿ ಒಂದು ಹುಳದ ಹೆಸರು ದಿನಕ್ಕೆ ಹಲವು ಸಲ ಬರುತ್ತದೆ. ಆದರೆ ಅದರ ಸೀರೆ ಗೊತ್ತಿರುವಷ್ಟು ಅದರ ನರಮಂಡಲ ನಮಗೆ ಗೊತ್ತಿಲ್ಲ.

ನಾನು ರೇಷ್ಮೆ ಬಿತ್ತನೆಯ ಕೆಲಸದಲ್ಲಿ ದುಡಿದವನು. ಬಿತ್ತನೆ ಕೋಠಿಯೆಂದರೆ ಗೂಡಿನಿಂದ ಚಿಟ್ಟೆ ಹೊರಬರುವ, ಜೋಡಿಯಾಗುವ, ಮೊಟ್ಟೆಯಿಡುವ ಜಾಗ. ಈಗ ಬನಶಂಕರಿಯ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಬಿಡುವಿನ ದಿನ ಕೀಟಗಳ ಪಾಠ ಹೇಳುತ್ತೇನೆ. ಕೀಟದ ಮಿದುಳು ಮೈಯನ್ನು ಹೇಗೆ ನಡೆಸುತ್ತದೆ ಎಂಬುದು ಆ ಪಾಠದ ತಿರುಳು. ಕೈಯಲ್ಲಿ ಚಿಟ್ಟೆ ಹಿಡಿದು ಕಲಿತದ್ದನ್ನೂ, ಪ್ರಯೋಗಶಾಲೆಗಳು ಕಂಡುಕೊಂಡದ್ದನ್ನೂ ಒಟ್ಟಿಗೆ ಇಟ್ಟು ಇಲ್ಲಿ ಬರೆದಿದ್ದೇನೆ.

1. ಮೊದಲು ಕುತ್ತಿಗೆ ನೋಡಿ

ಕೀಟ ಕಂಡರೆ ಎಲ್ಲರ ಕಣ್ಣೂ ರೆಕ್ಕೆಗೋ ಕಾಲಿಗೋ ಹೋಗುತ್ತದೆ. ನಾನು ಮಕ್ಕಳಿಗೆ ಮೊದಲು ತೋರಿಸುವುದು ಕುತ್ತಿಗೆಯನ್ನು. ಕೀಟದ ಮಿದುಳು ಅನ್ನನಾಳದ ಮೇಲೆ ಕೂತಿದೆ. ಅದರಿಂದ ಹೊರಟ ನರದ ಎಳೆಗಳು ಅನ್ನನಾಳವನ್ನು ಎರಡೂ ಕಡೆಯಿಂದ ಬಳಸಿ ಕೆಳಗಿನ ನರಗಂಟನ್ನು ಸೇರುತ್ತವೆ. ಅಲ್ಲಿಂದ ಜೋಡಿ ಹುರಿಯಾಗಿ ಕುತ್ತಿಗೆ ದಾಟಿ ಎದೆಗೆ ಇಳಿಯುತ್ತವೆ. ನಮ್ಮ ಹುರಿ ಬೆನ್ನಲ್ಲಿದ್ದರೆ ಅವುಗಳದ್ದು ಹೊಟ್ಟೆಯ ಕಡೆ. ಎದೆಯ ಮೂರು ಖಂಡಗಳಿಗೆ ಮೂರು ಜೊತೆ ಕಾಲು, ಆ ಕಾಲುಗಳ ಉಸ್ತುವಾರಿಗೆ ಮೂರು ನರಗಂಟು.

ಈ ಕುತ್ತಿಗೆ ಎಷ್ಟು ಕಿರಿದು ಎಂಬುದು ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಲ್ಲಿ ಚೆನ್ನಾಗಿ ತಿಳಿದಿದೆ. 2024ರ ಅಕ್ಟೋಬರಿನಲ್ಲಿ ಅದರ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು: 1,39,255 ನ್ಯೂರಾನ್‌ಗಳು. ಎದೆ ಮತ್ತು ಹೊಟ್ಟೆಯ ನರಹುರಿಯಲ್ಲಿ ಸುಮಾರು 23,000. ಮಿದುಳಿನಲ್ಲಿ ಹುಟ್ಟಿ ಕುತ್ತಿಗೆ ದಾಟಿ ಆ ಹುರಿಗೆ ಇಳಿಯುವ ನ್ಯೂರಾನ್‌ಗಳು ಮಾತ್ರ ಸುಮಾರು 1,300. ಅಂದರೆ ನೂರಕ್ಕೆ ಒಂದೂ ಇಲ್ಲ. ಕಣ್ಣು ಕಂಡದ್ದು, ಮೀಸೆ ಮೂಸಿದ್ದು, ಹಸಿವು, ಹೆದರಿಕೆ ಎಲ್ಲವೂ ಮೈಯ ಚಲನೆಯಾಗಬೇಕಾದರೆ ಈ 1,300 ಎಳೆಗಳಲ್ಲೇ ಇಳಿಯಬೇಕು. ಉಳಿದ ಒಂಬತ್ತು ಪಾಠಗಳೂ ಹುಟ್ಟುವುದು ಈ ಇಕ್ಕಟ್ಟಿನಿಂದ.

2. ಹೆಜ್ಜೆ ಹಾಕುವುದು ಎದೆಗೇ ಗೊತ್ತು

ತಲೆ ಹೋದ ಜಿರಲೆ ವಾರದವರೆಗೂ ಬದುಕಬಲ್ಲದು ಎಂದು ಪಿಯುಸಿಯವರು ಪಠ್ಯಪುಸ್ತಕದಲ್ಲಿ ಓದುತ್ತಿದ್ದರು. ಬದುಕುವುದಷ್ಟೇ ಅಲ್ಲ, ಕಲಿಯಲೂ ಬಲ್ಲದು. 1962ರಲ್ಲಿ ಹಾರಿಡ್ಜ್ ಎಂಬ ವಿಜ್ಞಾನಿ ತಲೆಯಿಲ್ಲದ ಕೀಟದ ಕಾಲು ಕೆಳಗಿಳಿದಾಗಲೆಲ್ಲ ಸಣ್ಣ ಶಾಕ್ ಕೊಟ್ಟರು. ಕಾಲು ಕ್ರಮೇಣ ಮೇಲೆಯೇ ಉಳಿಯುವುದನ್ನು ಕಲಿಯಿತು. ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಡೊನಾಲ್ಡ್ ವಿಲ್ಸನ್ ಮಿಡತೆಯ ರೆಕ್ಕೆಯಿಂದ ಬರುವ ಸುದ್ದಿಯನ್ನೆಲ್ಲ ತಡೆದು ನೋಡಿದ್ದರು. ರೆಕ್ಕೆ ಬಡಿತದ ಲಯ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಲಯ ಹುಟ್ಟುವುದು ಎದೆಯ ನರಗಂಟುಗಳೊಳಗೇ.

ಮದುವೆ ಮನೆಯಲ್ಲಿ ಹಿರಿಯರು “ಎಲೆ ಹಾಕಿ” ಎನ್ನುತ್ತಾರೆ. ಮೊದಲು ಉಪ್ಪು, ಆಮೇಲೆ ಕೋಸಂಬರಿ, ಪಲ್ಯ ಎಲೆಯ ಯಾವ ಬದಿಗೆ ಎಂದು ಅವರು ಬಿಡಿಸಿ ಹೇಳುವುದಿಲ್ಲ. ಬಡಿಸುವವರಿಗೆ ಅದು ಗೊತ್ತು. ಕೀಟದ ಮಿದುಳಿಗೂ ಎದೆಗೂ ಇರುವ ಸಂಬಂಧ ಅಂಥದ್ದು. ಆರು ಕಾಲುಗಳಲ್ಲಿ ಯಾವ ಮೂರು ಈಗ ನೆಲ ಬಿಡಬೇಕು ಎಂದು ಮಿದುಳು ಲೆಕ್ಕ ಹಾಕುವುದಿಲ್ಲ. ಹೊರಡು, ನಿಲ್ಲು, ಜೋರಾಗು, ಈ ಕಡೆ ತಿರುಗು ಎನ್ನುತ್ತದೆ.

ಹಾಗಾದರೆ ಮಿದುಳಿನ ಪಾಲು ಎಷ್ಟು? ಅದನ್ನು ಹಸಿರು ಬಣ್ಣದ ಒಂದು ಕಣಜ ತೋರಿಸಿಕೊಡುತ್ತದೆ. ಆಂಪುಲೆಕ್ಸ್ ಕಂಪ್ರೆಸಾ ಎಂಬ ಈ ಕಣಜ ನಮ್ಮ ದೇಶದಲ್ಲೂ ಇದೆ. ಅದು ಜಿರಲೆಗೆ ಎರಡು ಸಲ ಕುಟುಕುತ್ತದೆ: ಮೊದಲು ಎದೆಗೆ, ಮುಂಗಾಲು ಕೆಲ ನಿಮಿಷ ಸೋಲಲೆಂದು, ಆಮೇಲೆ ಕುತ್ತಿಗೆಯ ಮೂಲಕ ನೇರ ತಲೆಯ ನರಗಂಟುಗಳಿಗೆ. ಎರಡನೆಯ ಕುಟುಕಿನ ನಂತರ ಜಿರಲೆಯ ಕಾಲು ಗಟ್ಟಿಯಾಗಿಯೇ ಇರುತ್ತದೆ, ನಡೆಯಲೂ ಬರುತ್ತದೆ, ಆದರೆ ತಾನಾಗಿ ಹೊರಡುವುದಿಲ್ಲ. ಕಣಜ ಅದರ ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ನಡಿಗೆ ಉಳಿದು ಹೊರಡುವ ಅಪ್ಪಣೆ ಮಾತ್ರ ಇಲ್ಲವಾದಾಗ ಕೀಟ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

3. ಗಂಡು ಚಿಟ್ಟೆಯ ನಡಿಗೆಯನ್ನು ಅವಸರವಿಲ್ಲದೆ ನೋಡಿ

ಬಿತ್ತನೆ ಕೋಠಿಯಲ್ಲಿ ಚಿಟ್ಟೆಗಳು ಹೊರಬರುವುದು ಬೆಳಗಿನ ಜಾವ. ಹೆಣ್ಣು ಕೂತಲ್ಲೇ ಕೂತಿರುತ್ತದೆ. ಅದರ ಹೊಟ್ಟೆಯ ತುದಿಯಲ್ಲಿ ನಸು ಹಳದಿಯ ಜೋಡಿ ಚೀಲಗಳು ಹೊರಚಾಚಿರುತ್ತವೆ. ಅಲ್ಲಿಂದ ವಾಸನೆ ಹೊರಡುತ್ತದೆ. ಸುಮ್ಮನೆ ಕೂತ ಗಂಡುಗಳ ತಟ್ಟೆಯ ಹತ್ತಿರ ಹೆಣ್ಣುಗಳ ತಟ್ಟೆ ತಂದರೆ ಮೊದಲು ಮೀಸೆಗಳು ಏಳುತ್ತವೆ, ಕೂಡಲೇ ರೆಕ್ಕೆ ಪಟಪಟಿಸುತ್ತದೆ, ಆಮೇಲೆ ಕಾಲು ಹೊರಡುತ್ತದೆ. ಸಾವಿರಾರು ವರ್ಷ ಮನುಷ್ಯರ ಸಾಕಣೆಯಲ್ಲಿದ್ದು ಈ ಚಿಟ್ಟೆ ಹಾರುವುದನ್ನು ಕಳೆದುಕೊಂಡಿದೆ. ಪಟಪಟಿಸುವ ರೆಕ್ಕೆ ಮುಂದಿನ ಗಾಳಿಯನ್ನು ಮೀಸೆಯ ಮೇಲೆ ಎಳೆದುಕೊಳ್ಳಲು ಬಳಕೆಯಾಗುತ್ತದೆ.

ಈ ವಾಸನೆಯ ವಸ್ತುವಿನ ಹೆಸರು ಬಾಂಬಿಕೋಲ್. ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಅದನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ರಾಸಾಯನಿಕವಾಗಿ ಗುರುತಿಸಿದ ಮೊದಲ ಫೆರೋಮೋನ್ ಅದು, ಅದೂ ನಮ್ಮ ರೇಷ್ಮೆ ಚಿಟ್ಟೆಯದು.

ಹೆಣ್ಣಿನ ಹೊಟ್ಟೆಯ ತುದಿಗೆ ಸೋಸುಕಾಗದದ ಚೂರೊಂದನ್ನು ಒತ್ತಿ, ಒಂದೇ ಒಂದು ಗಂಡನ್ನು ಮೇಜಿನ ಮೇಲಿಟ್ಟು, ಆ ಕಾಗದದ ಮೇಲಿಂದ ಒಮ್ಮೆ ಮೆಲ್ಲಗೆ ಗಾಳಿ ಊದಿ. ಗಂಡು ಮೊದಲು ನೇರ ಮುಂದಕ್ಕೆ ನುಗ್ಗುತ್ತದೆ. ಆಮೇಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ತಿರುವೂ ಹಿಂದಿನದಕ್ಕಿಂತ ದೊಡ್ಡದು. ಕೊನೆಗೆ ಇದ್ದಲ್ಲೇ ಸುತ್ತು ಹೊಡೆಯುತ್ತದೆ. ಇನ್ನೊಮ್ಮೆ ಊದಿದರೆ ಎಲ್ಲಿದ್ದರೂ ಆಟ ಮೊದಲಿನಿಂದ ಶುರು: ನೇರ, ಓರೆ, ಸುತ್ತು. ವಾಸನೆ ಬೆನ್ನುಬೆನ್ನಿಗೆ ಸಿಕ್ಕರೆ ನೇರ ನಡಿಗೆ ಹೆಚ್ಚಿ ಹೆಣ್ಣು ಬೇಗ ಸಿಗುತ್ತದೆ. ವಾಸನೆ ತಪ್ಪಿದರೆ ಸುತ್ತು ಹೊಡೆದು ಹುಡುಕುವುದೇ ದಾರಿ.

ಇಲ್ಲಿ ಮುಖ್ಯವಾದದ್ದು, ಒಂದು ಉಸಿರಿನಷ್ಟು ವಾಸನೆ ಬಂದು ಹೋದ ಮೇಲೂ ನಡಿಗೆ ಸೆಕೆಂಡುಗಟ್ಟಲೆ ಮುಂದುವರಿಯುತ್ತದೆ. ಮಿದುಳು ಆ ವಾಸನೆಯನ್ನು ಎಲ್ಲೋ ಹಿಡಿದಿಟ್ಟುಕೊಂಡಿರಬೇಕು. 1983ರಲ್ಲಿ ರಾಬರ್ಟ್ ಓಲ್ಬರ್ಗ್ ಇದೇ ರೇಷ್ಮೆ ಚಿಟ್ಟೆಯ ನರಹುರಿಯಲ್ಲಿ ಸೂಕ್ಷ್ಮ ವಿದ್ಯುದ್ವಾರ ಇಟ್ಟು ಕೇಳಿಸಿಕೊಂಡರು. ಒಂದು ಬಗೆಯ ನ್ಯೂರಾನ್ ವಾಸನೆಯ ಒಂದು ಅಲೆ ಬಂದೊಡನೆ ಜೋರಾಗಿ ಮಿಡಿಯತೊಡಗಿತು. ವಾಸನೆ ಹೋದರೂ ಮಿಡಿತ ಇಳಿಯಲಿಲ್ಲ. ಮುಂದಿನ ಅಲೆ ಬಂದಾಗ ಅದು ತಗ್ಗಿ, ಎದುರು ಬದಿಯ ಜೊತೆಗಾರ ಏರಿತು. ಜಪಾನಿನ ರ್ಯೋಹೇ ಕಾನ್‌ಜಾಕಿ ಅವರ ತಂಡ ಈ ಮಿಡಿತಕ್ಕೂ ಕುತ್ತಿಗೆಯ ಸ್ನಾಯುಗಳಿಗೂ ಇರುವ ನಂಟನ್ನು ತೋರಿಸಿತು. ಎಡಬದಿ ಏರಿದಾಗ ಒಂದು ಕಡೆ, ಬಲಬದಿ ಏರಿದಾಗ ಇನ್ನೊಂದು ಕಡೆ: ಮೇಜಿನ ಮೇಲೆ ಕಂಡ ಓರೆ ನಡಿಗೆಯನ್ನು ಕುತ್ತಿಗೆಯ ಹುರಿಯಲ್ಲಿ ಹೀಗೆ ಓದಬಹುದು.

4. ತಿರುವು ಎಂದರೆ ಎಡಬಲಗಳ ವ್ಯತ್ಯಾಸ

“ಎಡಕ್ಕೆ ತಿರುಗು ಎನ್ನುವ ನರ ಯಾವುದು ಸರ್?” ಎಂದು ಮಕ್ಕಳು ಕೇಳುತ್ತಾರೆ. ಒಂದನ್ನೇ ಹುಡುಕಿದರೆ ಉತ್ತರ ಅರ್ಧ ಮಾತ್ರ ಸಿಗುತ್ತದೆ. ಹಣ್ಣುನೊಣದಲ್ಲಿ ಡಿಎನ್‌ಎ02 ಎಂಬ ಹೆಸರಿನ ಒಂದು ಜೊತೆ ಇಳಿಯುವ ನ್ಯೂರಾನ್‌ಗಳಿವೆ, ಎಡಕ್ಕೊಂದು ಬಲಕ್ಕೊಂದು. ನೊಣ ಎಷ್ಟು ತಿರುಗುತ್ತದೆ ಎಂಬುದು ಈ ಎರಡರ ಮಿಡಿತದ ಅಂತರಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಒಂದು ಬದಿಯನ್ನಷ್ಟೇ ಅಳೆದು ತೀರ್ಮಾನಕ್ಕೆ ಬರಬಾರದು.

ಕಾನ್‌ಜಾಕಿ ಅವರ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಗಾಳಿಯ ಮೇಲೆ ತೇಲುವ ಹಗುರ ಚೆಂಡಿನ ಮೇಲೆ ಗಂಡು ರೇಷ್ಮೆ ಚಿಟ್ಟೆಯನ್ನು ನಿಲ್ಲಿಸಿದರು. ಅದು ನಡೆದಂತೆ ಚೆಂಡು ಉರುಳುತ್ತದೆ. ಉರುಳಿದ್ದನ್ನು ಸಂವೇದಕ ಓದಿ ಎರಡು ಗಾಲಿಯ ಸಣ್ಣ ಗಾಡಿಯನ್ನು ಓಡಿಸುತ್ತದೆ. ಚಿಟ್ಟೆ ಆ ಗಾಡಿಯ ಮೇಲೇ ಕೂತಿದೆ. ಅದು ಗಾಡಿಯನ್ನು ಓಡಿಸಿಕೊಂಡು ವಾಸನೆಯ ಮೂಲಕ್ಕೆ ಹೋಗಿ ಮುಟ್ಟಿತು. ಗಾಡಿ ಬೇಕೆಂದೇ ಒಂದು ಕಡೆಗೆ ಎಳೆಯುವಂತೆ ಮಾಡಿದರೂ ಚಿಟ್ಟೆ ತಿದ್ದಿಕೊಂಡು ಮುಂದೆ ಸಾಗಿತು. ಮಿದುಳಿನಿಂದ ಇಳಿಯುವ ಎಡಬಲದ ಅಂತರ ಒಮ್ಮೆ ಹೇಳಿ ಮುಗಿಸುವ ಮಾತಲ್ಲ. ಕಣ್ಣು ಕೊಟ್ಟ ಸುದ್ದಿಯನ್ನು ನೋಡಿಕೊಂಡು ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ.

5. ಹೊತ್ತು ನೋಡಿ ಪರೀಕ್ಷೆ ಮಾಡಿ

ಒಂದೇ ಗಂಡು, ಒಂದೇ ವಾಸನೆ. ಬೆಳಿಗ್ಗೆ ಕುಣಿಯುವುದು ರಾತ್ರಿ ಮೀಸೆಯನ್ನೂ ಎತ್ತದಿರಬಹುದು. ಗೂಡಿನಿಂದ ಆಗಷ್ಟೇ ಬಂದು ರೆಕ್ಕೆ ಒಣಗದಿರುವುದು, ಫ್ರಿಜ್ಜಿನಿಂದ ಈಗ ತಾನೇ ತೆಗೆದದ್ದು, ಜೋಡಿ ಬಿಡಿಸಿ ಸ್ವಲ್ಪ ಹೊತ್ತಾದದ್ದು, ಇವೆಲ್ಲ ಬೇರೆ ಬೇರೆ ಚಿಟ್ಟೆಗಳೆಂದೇ ತಿಳಿಯಬೇಕು. ಮಿದುಳಿನ ಸೆರೊಟೋನಿನ್ ಗಂಡು ರೇಷ್ಮೆ ಚಿಟ್ಟೆಯ ವಾಸನೆಯ ಚುರುಕನ್ನು ಏರಿಸಿ ಇಳಿಸುತ್ತದೆ ಎಂಬುದು ಪ್ರಯೋಗದಿಂದ ತಿಳಿದಿದೆ.

ಇಳಿಯುವ ನ್ಯೂರಾನ್‌ಗೂ ಇದೇ ಮಾತು. ಹಣ್ಣುನೊಣ ಗೋಡೆಗೆ ಇಳಿಯುವಾಗ ಕಾಲು ಮುಂಚಾಚುತ್ತದೆ. ಅದನ್ನು ನಡೆಸುವ ಎರಡು ಬಗೆಯ ನ್ಯೂರಾನ್‌ಗಳನ್ನು 2019ರಲ್ಲಿ ವರದಿ ಮಾಡಿದರು. ಗೋಡೆ ಹತ್ತಿರವಾಗುವ ನೋಟಕ್ಕೆ ಅವು ಬಲವಾಗಿ ಓಗೊಡುವುದು ನೊಣ ಹಾರುತ್ತಿರುವಾಗ. ಅದೇ ನೋಟ ಕೂತ ನೊಣಕ್ಕೆ ಕಂಡರೆ ಕಾಲು ಚಾಚುವ ಅಪ್ಪಣೆ ಇಳಿಯುವುದಿಲ್ಲ. ಕೂತ ನೊಣಕ್ಕೆ ಹತ್ತಿರವಾಗುವ ಆಕಾರ ಎಂದರೆ ಶತ್ರು, ಅದು ಓಡಬೇಕು. ಆದ್ದರಿಂದ ಮಕ್ಕಳ ನೋಟ್ ಪುಸ್ತಕದಲ್ಲಿ ಮೊದಲ ಸಾಲು ಗಂಟೆ, ಎರಡನೆಯದು ಕೋಣೆಯ ಉಷ್ಣಾಂಶ, ಮೂರನೆಯದು ಚಿಟ್ಟೆಯ ವಯಸ್ಸು. ಇವು ಮೂರೂ ಇಲ್ಲದ ಅವಲೋಕನವನ್ನು ನಾನು ಒಪ್ಪುವುದಿಲ್ಲ.

6. ತುರ್ತಿಗೆ ದಪ್ಪ ಎಳೆ

ರೇಷ್ಮೆ ಸಾಕುವವರಿಗೆ ಊಜಿ ನೊಣದ ಪರಿಚಯ ಬೇಡ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಹುಳದೊಳಗೆ ಕೊರೆದು ಬೆಳೆಯುತ್ತದೆ. ಕೈಬೀಸಿ ಹೊಡೆಯಲು ಹೋದರೆ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ನರದ ದಪ್ಪದಲ್ಲಿದೆ.

ನಮ್ಮ ನರಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದರಿಂದ ಸಂಕೇತ ಸೆಕೆಂಡಿಗೆ ನೂರು ಮೀಟರಿನಷ್ಟು ವೇಗದಲ್ಲೂ ಓಡಬಲ್ಲದು. ಕೀಟಗಳಲ್ಲಿ ಅಂಥ ಹೊದಿಕೆ ಇಲ್ಲ. ವೇಗ ಬೇಕಾದರೆ ಎಳೆಯನ್ನೇ ದಪ್ಪ ಮಾಡಬೇಕು. ಇಕ್ಕಟ್ಟಾದ ಕುತ್ತಿಗೆಯಲ್ಲಿ ಎಲ್ಲ ಎಳೆಗಳೂ ದಪ್ಪವಾಗುವಂತಿಲ್ಲ. ಹಾಗಾಗಿ ಪ್ರಾಣಾಪಾಯದ ಸುದ್ದಿಗೆ ಮಾತ್ರ ಆ ಜಾಗ. ಹಣ್ಣುನೊಣದಲ್ಲಿ ಒಂದೇ ಒಂದು ಜೊತೆ ‘ದೈತ್ಯ ಎಳೆ’ಗಳಿವೆ. ಅವು ನೆಗೆತದ ನರಕ್ಕೆ ರಾಸಾಯನಿಕದ ಜೊತೆಗೆ ನೇರ ವಿದ್ಯುತ್ ಸಂಪರ್ಕವನ್ನೂ ಹೊಂದಿವೆ, ಕಾಯುವ ಹೊತ್ತು ಉಳಿಯಲೆಂದು. ಅವು ಒಮ್ಮೆ ಮಿಡಿದರೆ ನೊಣ ರೆಕ್ಕೆ ಎತ್ತಿ ಸಿದ್ಧವಾಗುವ ಗೋಜಿಗೂ ಹೋಗದೆ ನೆಗೆಯುತ್ತದೆ. ಆ ನೆಗೆತ ವಕ್ರ, ಮೈ ತೂರಾಡುತ್ತದೆ, ಆದರೆ ಜೀವ ಉಳಿಯುತ್ತದೆ. ಅಪಾಯ ನಿಧಾನವಾಗಿ ಬಂದರೆ ಬೇರೆ ಎಳೆಗಳು ಕೆಲಸ ಮಾಡುತ್ತವೆ: ನೊಣ ಮೊದಲು ಕಾಲು ಸರಿಪಡಿಸಿಕೊಳ್ಳುತ್ತದೆ, ಅಪಾಯದ ಎದುರು ದಿಕ್ಕಿಗೆ ವಾಲುತ್ತದೆ, ರೆಕ್ಕೆ ಎತ್ತುತ್ತದೆ, ಸಮತೂಕದಿಂದ ಹಾರುತ್ತದೆ.

ಸಾಕಾಣಿಕೆ ಮನೆಗೆ ನೈಲಾನ್ ಪರದೆ ಕಟ್ಟಿ, ಕೈಬೀಸುವುದನ್ನು ನೆಚ್ಚಿಕೊಳ್ಳಬೇಡಿ ಎಂದು ರೈತರಿಗೆ ಹೇಳುವುದಕ್ಕೆ ಇದೇ ಕಾರಣ. ಕೆಲವೇ ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸುವ ಎಳೆಯ ಜೊತೆ ನಮ್ಮ ಕೈ ಪೈಪೋಟಿ ಮಾಡಲಾರದು.

7. ಪ್ರತಿ ಬಡಿತಕ್ಕೂ ಅಪ್ಪಣೆ ಇಲ್ಲ

ಹಣ್ಣುನೊಣ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಯುತ್ತದೆ. ರೆಕ್ಕೆ ಬಡಿಸುವ ದೊಡ್ಡ ಸ್ನಾಯುವಿಗೆ ಹೋಗುವ ನರ ಮಿಡಿಯುವುದು ಸೆಕೆಂಡಿಗೆ ಸುಮಾರು 5 ಸಲ. ಸ್ನಾಯು ಎಳೆತಕ್ಕೆ ಸಿಕ್ಕೊಡನೆ ತಾನೇ ಸಂಕುಚಿಸುತ್ತದೆ, ಎದುರಿನ ಸ್ನಾಯುವನ್ನು ಎಳೆಯುತ್ತದೆ, ಅದು ಇದನ್ನು ಎಳೆಯುತ್ತದೆ. ನರದ ಕೆಲಸ ಆ ಸರಣಿಗೆ ಕಸುವು ತುಂಬುವುದು. ತಿರುಗಿಸುವ ಸಣ್ಣ ಸ್ನಾಯುಗಳಿಗೆ ಮಾತ್ರ ಬಡಿತದ ಲೆಕ್ಕದಲ್ಲಿ ಸಂಕೇತ ಹೋಗುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೋ ಬಿಟಿಎಂ ಪಕ್ಕದ ಮಡಿವಾಳ ಕೆರೆಗೋ ಹೋಗಿ ಏರೋಪ್ಲೇನ್ ಚಿಟ್ಟೆಗಳನ್ನು ನೋಡಿ. ಈ ಕೀಟದ ದಾರಿ ಬೇರೆ. ಸ್ನಾಯುಗಳು ರೆಕ್ಕೆಯ ಬುಡಕ್ಕೇ ಅಂಟಿವೆ, ಪ್ರತಿ ಬಡಿತಕ್ಕೂ ನರದ ಸಂಕೇತ ಬೇಕು. ಅದು ಸೊಳ್ಳೆಯನ್ನು ಬೆನ್ನಟ್ಟುವಾಗ ಮಿದುಳಿನಿಂದ ರೆಕ್ಕೆಗಳ ಕಡೆಗೆ ಗುರಿಯ ದಿಕ್ಕನ್ನು ಕೊಂಡೊಯ್ಯಲು ಗುರುತಿಸಿರುವುದು 8 ಜೊತೆ, ಅಂದರೆ 16 ನ್ಯೂರಾನ್‌ಗಳನ್ನು. ಇಷ್ಟರ ಬಲದ ಮೇಲೆ ಹತ್ತು ಬೇಟೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಅದಕ್ಕೆ ದಕ್ಕುತ್ತವೆ.

ಈ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸಂಜಯ್ ಸಾನೆ ಅವರ ತಂಡ ನೊಣದ ರೆಕ್ಕೆ ಮತ್ತು ಅದರ ಹಿಂದಿನ ಗುಂಡುತುದಿಯ ಹಾಲ್ಟರ್ ಒಂದೇ ತಾಳದಲ್ಲಿ ಬಡಿಯುವುದು ಎದೆಯ ಚಿಪ್ಪಿನ ಯಾಂತ್ರಿಕ ಜೋಡಣೆಯಿಂದ ಎಂದು 2015ರಲ್ಲಿ ತೋರಿಸಿತು. ಅದೇ ಸಂಸ್ಥೆಯ ಗೈತಿ ಹಸನ್ ಅವರ ತಂಡ ನ್ಯೂರಾನಿನೊಳಗಿನ ಕ್ಯಾಲ್ಸಿಯಂ ಸಂಕೇತ ಕೆಟ್ಟರೆ ಹಣ್ಣುನೊಣ ಹಾರಾಟವನ್ನೇ ಕಳೆದುಕೊಳ್ಳುತ್ತದೆ ಎಂದು 2004ರಲ್ಲಿ ವರದಿ ಮಾಡಿತು. ಒಂದು ಕಡೆ ಚಿಪ್ಪು, ಇನ್ನೊಂದು ಕಡೆ ಕ್ಯಾಲ್ಸಿಯಂ. ಮಿದುಳು ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವುದು ಇಂಥ ಮೈ ಇರುವುದರಿಂದಲೇ.

8. ಕೆಲವು ಅಪ್ಪಣೆ ರಕ್ತದಲ್ಲಿ ಇಳಿಯುತ್ತದೆ

ಬಿತ್ತನೆಯವರಿಗೆ ಇದು ಹೊಟ್ಟೆಪಾಡಿನ ಪಾಠ. ನಮ್ಮ ಮೈಸೂರು ತಳಿಯ ಮೊಟ್ಟೆ ಇಟ್ಟ ಹತ್ತು ಹನ್ನೆರಡು ದಿನದಲ್ಲಿ ಒಡೆಯುತ್ತದೆ. ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೀನ್ ತಳಿಯದು ಒಡೆಯದೆ ಮಲಗಿಬಿಡುತ್ತದೆ. ಅದನ್ನು ಎಬ್ಬಿಸಲು ಇಟ್ಟ ಸುಮಾರು 20 ಗಂಟೆಗೆ 46 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲ ನಿಮಿಷ ಅದ್ದುತ್ತೇವೆ. ಮೊಟ್ಟೆಗೆ ಮಲಗು ಎಂದವರು ಯಾರು? ತಾಯಿ. ಅವಳು ಕೋಶಾವಸ್ಥೆಯಲ್ಲಿದ್ದಾಗ ಅನ್ನನಾಳದ ಕೆಳಗಿನ ನರಗಂಟಿನಿಂದ ಒಂದು ಹಾರ್ಮೋನ್ ರಕ್ತಕ್ಕೆ ಸೇರಿ ಅಂಡಾಶಯ ಮುಟ್ಟುತ್ತದೆ. 1950ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಮಿದುಳಿಗೂ ಆ ಗಂಟಿಗೂ ನಡುವಿನ ನರದ ಎಳೆ ಕತ್ತರಿಸಿದಾಗ, ಮಲಗದ ಮೊಟ್ಟೆ ಇಡಬೇಕಾದ ತಾಯಿ ಮಲಗುವ ಮೊಟ್ಟೆ ಇಟ್ಟಳು. ಹಾರ್ಮೋನನ್ನು ಬಿಡಬೇಕೋ ತಡೆಯಬೇಕೋ ಎಂಬ ಅಪ್ಪಣೆ ನರದಲ್ಲಿ ಬರುತ್ತಿತ್ತು.

ಹೆಣ್ಣಿನ ಬಾಂಬಿಕೋಲ್ ಕೂಡ ಹೀಗೆಯೇ. ಅದನ್ನು ತಯಾರಿಸು ಎನ್ನುವ ಪಿಬಿಎಎನ್ ಎಂಬ ಹಾರ್ಮೋನ್ ಇದೇ ನರಗಂಟಿನದು. ರೇಷ್ಮೆ ಚಿಟ್ಟೆಯಲ್ಲಿ 1989ರಲ್ಲಿ ಅದರ ರಚನೆ ತಿಳಿಯಿತು. ಹೆಣ್ಣಿನ ತಲೆಯ ಹಾರ್ಮೋನ್ ರಕ್ತದಲ್ಲಿ ಇಳಿಯುತ್ತದೆ, ಅದರ ವಾಸನೆ ಗಾಳಿಯಲ್ಲಿ ಸಾಗುತ್ತದೆ, ಗಂಡಿನ ಕುತ್ತಿಗೆಯಲ್ಲಿ ಮಿಡಿತವಾಗಿ ಇಳಿದು ಕಾಲಿನ ನಡಿಗೆಯಾಗುತ್ತದೆ. ಜೋಡಿ ಕೋಣೆಯಲ್ಲಿ ನಿಂತು ನೋಡುವಾಗ ಈ ಇಡೀ ಸರಪಳಿ ಕಣ್ಣಮುಂದಿರುತ್ತದೆ.

9. ಹುಳ ಅಲ್ಲಾಡದಿದ್ದರೆ ಎಲ್ಲಿ ತಡೆಯಿತು ಎಂದು ಕೇಳಿ

ಕನಕಪುರ ಕಡೆಯ ರೈತರು ಫೋನ್ ಮಾಡುತ್ತಾರೆ. “ಸಾರ್, ಹುಳ ತಲೆ ಆಡಿಸ್ತಾವೆ, ಸೊಪ್ಪು ಮುಟ್ತಿಲ್ಲ.” ನಾನು ಮೊದಲು ಕೇಳುವುದು, “ಪಕ್ಕದ ತೋಟಕ್ಕೆ ಏನಾದರೂ ಹೊಡೆದರಾ?” “ಟೊಮೇಟೊಗೆ ಔಷಧಿ ಹೊಡೆದವ್ರೆ ಸಾರ್.” ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಕೀಟನಾಶಕ ಹುಳದ ನರದ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಕೆಡಿಸುತ್ತದೆ. ಪೈರೆಥ್ರಾಯ್ಡ್‌ಗಳು ಎಳೆಯ ಸೋಡಿಯಂ ಬಾಗಿಲನ್ನು ಮುಚ್ಚಗೊಡುವುದಿಲ್ಲ. ನರ ಬೇಡದಿದ್ದರೂ ಮಿಡಿಯುತ್ತದೆ, ಹುಳ ನಡುಗುತ್ತದೆ. ಆರ್ಗನೋಫಾಸ್ಫೇಟ್‌ಗಳು ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಕರಗದಂತೆ ಮಾಡುತ್ತವೆ. ನಿಯೋನಿಕೋಟಿನಾಯ್ಡ್‌ಗಳು ಅದೇ ಅಸಿಟೈಲ್‌ಕೋಲಿನ್ನಿನ ಜಾಗದಲ್ಲಿ ತಾವೇ ಹೋಗಿ ಕೂರುತ್ತವೆ. ಕ್ಲೋರಾಂಟ್ರಾನಿಲಿಪ್ರೋಲ್ ನರವನ್ನು ಬಿಟ್ಟು ಸ್ನಾಯುವಿನ ಕ್ಯಾಲ್ಸಿಯಂ ಸೋರಿಸುತ್ತದೆ. ಮಿದುಳು ಸರಿಯಾಗಿ ಹೇಳಿದರೂ ಮೈ ಮಾಡಲಾರದು.

ಈ ಬಗೆಯ ವಿಚಾರಣೆಗೆ ದಾರಿ ಹಾಕಿದವರಲ್ಲಿ ಒಬೈದ್ ಸಿದ್ದಿಕಿ ಒಬ್ಬರು. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಕಟ್ಟುವ ಮೊದಲು, 1976ರಲ್ಲಿ, ಅವರು ಸೀಮೋರ್ ಬೆಂಜರ್ ಜೊತೆ ಸೇರಿ ಬಿಸಿ ತಾಗಿದೊಡನೆ ಬಿದ್ದು, ತಣ್ಣಗಾದ ಮೇಲೆ ಏಳುವ ವಿಕೃತ (ಮ್ಯುಟೆಂಟ್) ಹಣ್ಣುನೊಣಗಳನ್ನು ಅಧ್ಯಯನ ಮಾಡಿದರು. ಹೊರಗೆ ನೋಡಿದರೆ ಎಲ್ಲ ನೊಣಗಳೂ ಒಂದೇ ರೀತಿ ಬೀಳುತ್ತವೆ. ನರದಲ್ಲಿ ಅಳೆದರೆ ಒಂದೊಂದು ವಿಕೃತಿಯ ದೋಷ ಒಂದೊಂದು ಬಗೆಯದು. ರೈತರ ತಟ್ಟೆಯಲ್ಲೂ ಅದೇ ನಿಯಮ. ನಡುಗಿ ನಿಂತ ಹುಳ, ಮೆದುವಾಗಿ ನಿಂತ ಹುಳ, ಕುಗ್ಗಿ ನಿಂತ ಹುಳ ಬೇರೆ ಬೇರೆ. ನಿಂತ ಮೇಲೆ ನೋಡಿದರೆ ಸಾಲದು, ನಿಲ್ಲುವ ಮುಂಚಿನ ಗಳಿಗೆಗಳನ್ನು ನೋಡಿ ಬರೆದಿಡಬೇಕು. ನೆರೆಯವರು ಏನು ಸಿಂಪಡಿಸಿದರು ಎಂಬುದಕ್ಕೆ ಅದೂ ಒಂದು ಸಾಕ್ಷಿ.

10. ಒಂದು ಎಳೆಗೆ ಒಂದು ಕೆಲಸ ಎಂದು ಮುಗಿಸಬೇಡಿ

ಹಣ್ಣುನೊಣದಲ್ಲಿ ಕೇವಲ 2 ಜೊತೆ ನ್ಯೂರಾನ್‌ಗಳನ್ನು ಕೆರಳಿಸಿದರೆ ಅದು ಹಿಂದಕ್ಕೆ ನಡೆಯುತ್ತದೆ ಎಂದು 2014ರಲ್ಲಿ ಸಲಿಲ್ ಬಿದಯೆ ಮತ್ತು ಜೊತೆಗಾರರು ತೋರಿಸಿದಾಗ, ಒಂದೊಂದು ಚಲನೆಗೂ ಒಂದೊಂದು ಗುಂಡಿ ಇದೆ ಎಂದು ಅನೇಕರಿಗೆ ಅನ್ನಿಸಿತು. 2018ರಲ್ಲಿ ಶಿಗೆಹಿರೊ ನಾಮಿಕಿ ಮತ್ತು ತಂಡ ಹಣ್ಣುನೊಣದ ಇಳಿಯುವ ನ್ಯೂರಾನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿತು: ಕೆಲವು ಕಾಲಿನ ಕಡೆಗೆ, ಕೆಲವು ರೆಕ್ಕೆ ಕುತ್ತಿಗೆಗಳ ಕಡೆಗೆ, ಕೆಲವು ನಡುವಣ ಪದರಕ್ಕೆ. ನಾಮಿಕಿ ಅದಕ್ಕೆ ಮೊದಲು ಪಳಗಿದ್ದು ರೇಷ್ಮೆ ಚಿಟ್ಟೆಯ ಮಿದುಳಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. 2024ರಲ್ಲಿ ಪವನ್ ರಾಮ್‌ದ್ಯ ಅವರ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಅಪ್ಪಣೆ ಕೊಡುವಂತೆ ಕಾಣುವ ನ್ಯೂರಾನ್ ಒಂಟಿಯಾಗಿ ಕೆಲಸ ಮಾಡದೆ, ತನ್ನಂಥ ಇತರ ಇಳಿಯುವ ನ್ಯೂರಾನ್‌ಗಳನ್ನೂ ಎಬ್ಬಿಸಿ ಒಟ್ಟಾಗಿ ಚಲನೆ ಹುಟ್ಟಿಸುತ್ತದೆ ಎಂದು ಅದು ಕಂಡಿತು. ಕೆಳಗಿನಿಂದ ಮಿದುಳಿಗೆ ಏರುವ ನ್ಯೂರಾನ್‌ಗಳು ಇಳಿಯುವವಕ್ಕಿಂತಲೂ ಹೆಚ್ಚಿವೆ, 1,800ರ ಆಸುಪಾಸು. ಮೈ ಏನು ಮಾಡಿತು ಎಂಬ ವರದಿ ಸದಾ ಮೇಲಕ್ಕೆ ಹೋಗುತ್ತಲೇ ಇರುತ್ತದೆ.

ಇಷ್ಟನ್ನು ಕಲಿಸಿಯೂ ನನಗೆ ಒಂದು ಹಂಬಲ ಉಳಿದಿದೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಬಾಂಬಿಕೋಲ್ ಜರ್ಮನಿಯಲ್ಲಿ ಸಿಕ್ಕಿತು, ಎಡಬಲ ಏರಿಳಿಯುವ ನ್ಯೂರಾನ್‌ಗಳ ಮೇಲೆ ದಶಕಗಟ್ಟಲೆ ದುಡಿದವರು ಜಪಾನಿನವರು. ಅದೇ ಚಿಟ್ಟೆ ನಮ್ಮ ಬಿತ್ತನೆ ಕೋಠಿಗಳಲ್ಲಿ ಪ್ರತಿ ಬೆಳಿಗ್ಗೆ ರಾಶಿರಾಶಿಯಾಗಿ ಹೊರಬರುತ್ತದೆ. ಯಾವ ಗಂಡು ಚುರುಕು, ಯಾವುದು ಮಂಕು, ಫ್ರಿಜ್ಜಿನಿಂದ ತೆಗೆದ ಎಷ್ಟು ಹೊತ್ತಿಗೆ ಅದಕ್ಕೆ ಮತ್ತೆ ಜೀವ ಬರುತ್ತದೆ ಎಂದು ಅಲ್ಲಿ ಜೋಡಿ ಕಟ್ಟುವ ಹೆಣ್ಣುಮಕ್ಕಳು ಕಣ್ಣಳತೆಯಲ್ಲೇ ಹೇಳಬಲ್ಲರು. ಅವರು ನೋಡುತ್ತಿರುವುದು ನರವಿಜ್ಞಾನವನ್ನೇ, ಆದರೆ ಅದನ್ನು ಯಾರೂ ಅವರಿಗೆ ಹೇಳಿಲ್ಲ, ಅವರು ಕಂಡದ್ದನ್ನು ಯಾರೂ ಬರೆದುಕೊಂಡಿಲ್ಲ. ಜಯನಗರ, ಬನಶಂಕರಿಯ ಕಾಲೇಜುಗಳ ಜೀವಶಾಸ್ತ್ರದ ಮಕ್ಕಳು ಹಸಿರು ಮೆಟ್ರೊ ಹತ್ತಿ ಕನಕಪುರ ರಸ್ತೆಗೆ ಬಂದರೆ, ರಾಮನಗರದ ಗೂಡು ಮಾರುಕಟ್ಟೆಯವರೆಗೂ ಹೋದರೆ, ಆ ಹೆಣ್ಣುಮಕ್ಕಳ ಪಕ್ಕ ಕೂತು ಕನ್ನಡದಲ್ಲೇ ಕೇಳಿ ಬರೆದುಕೊಂಡರೆ, ಮುಂದಿನ ಪಾಠಗಳನ್ನು ಅವರೇ ಬರೆಯುತ್ತಾರೆ. ಒಂದು ಗಂಡು ಚಿಟ್ಟೆ, ಒಂದು ಚೂರು ಕಾಗದ, ಒಂದು ಗಡಿಯಾರ, ಒಂದು ನೋಟ್ ಪುಸ್ತಕ ಇದ್ದರೆ ಕೆಲಸ ಶುರುಮಾಡಬಹುದು.